ಹತ್ತನೆಯ ತರಗತಿಯ ಆಚೆ

(ಶಾಲೆಯ ಶತಮಾನೋತ್ಸವ ಸಮಾರಂಭದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಲಿಖಿತ ರೂಪ)



ಶತಮಾನೋತ್ಸವದ ವೇದಿಕೆಯಿಂದ ಸಂಸ್ಥೆಯ ಗತವೈಭವವನ್ನು ಕೊಂಡಾಡುವುದು ವಾಡಿಕೆ. ಆ ಕಾರ್ಯವನ್ನು ನಮಗಿಂತ ಹಿರಿಯರು ಈಗಾಗಲೇ ಸೊಗಸಾಗಿ ನೆರವೇರಿಸಿದ್ದಾರೆ. ನಮಗೆ ದೊರೆತಿರುವ ಈ ಅಲ್ಪ ಸಮಯವನ್ನು ಬೇರೊಂದು ವಿಷಯಕ್ಕೆ ಬಳಸಿಕೊಳ್ಳಲು ತಮ್ಮ ಅಪ್ಪಣೆ ಬೇಡುತ್ತೇವೆ. ಪ್ರತಿವರ್ಷ ಬೇಸಿಗೆಯಲ್ಲಿ, ಹತ್ತನೆಯ ತರಗತಿಯ ಪರೀಕ್ಷೆ ಮುಗಿದ ಮೇಲೆ, ತಂದೆತಾಯಂದಿರು ನಮ್ಮ ಕೊಠಡಿಯ ಬಾಗಿಲಿಗೆ ಬಂದು ಒಂದೇ ಪ್ರಶ್ನೆ ಕೇಳುತ್ತಾರೆ: “ಮುಂದೆ ಎಲ್ಲಿ?” ನೂರು ವರ್ಷ ತುಂಬಿದ ಶಾಲೆಯು ಆ ಪ್ರಶ್ನೆಗೆ ಸ್ಪಷ್ಟವಾದ ಉತ್ತರವನ್ನು ಇಟ್ಟುಕೊಂಡಿರಬೇಕು. ಬಾಗಿಲಲ್ಲಿ ನಿಂತು ಒಬ್ಬೊಬ್ಬರಿಗೆ ಹೇಳುವುದನ್ನು ಇಂದು ಎಲ್ಲರಿಗೂ ಒಟ್ಟಿಗೆ ಹೇಳಲು ಬಯಸುತ್ತೇವೆ.

ಮೊದಲಿಗೆ, ಈ ಪ್ರಶ್ನೆ ಹೊಸದಲ್ಲ. ನಮ್ಮ ಶಾಲೆಯ ಅತಿ ಹಳೆಯ ದಾಖಲಾತಿ ಪುಸ್ತಕದ ಮೊದಲ ಪುಟಗಳಲ್ಲಿ ಕಾಲವನ್ನು ಫಸಲಿ ವರ್ಷದಲ್ಲಿ ನಮೂದಿಸಲಾಗಿದೆ. 1335ನೆಯ ಫಸಲಿ ಎಂದರೆ ಇಂದಿನ ಎಣಿಕೆಯಲ್ಲಿ 1925-26. ಅದು ನಿಜಾಮರ ಹೈದರಾಬಾದು ಸಂಸ್ಥಾನ. ಪ್ರಾಥಮಿಕ ಶಾಲೆಗೆ ತಹ್ತಾನಿಯಾ ಎಂದೂ, ಮಾಧ್ಯಮಿಕಕ್ಕೆ ವಸ್ತಾನಿಯಾ ಎಂದೂ, ಪ್ರೌಢಶಾಲೆಗೆ ಫೌಕಾನಿಯಾ ಎಂದೂ ಹೆಸರು. ತಹ್ತಾನಿಯಾದಲ್ಲಿ ಮನೆಮಾತಿನ ಕಲಿಕೆ ಒಂದಿಷ್ಟು ನಡೆಯುತ್ತಿತ್ತು. ಮೇಲೇರಿದಂತೆ ಉರ್ದು ಬೋಧನಾಭಾಷೆಯಾಗುತ್ತಿತ್ತು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯವಂತೂ ವೈದ್ಯ, ವಿಜ್ಞಾನ, ನ್ಯಾಯಶಾಸ್ತ್ರಗಳನ್ನು ಉರ್ದುವಿನಲ್ಲಿಯೇ ಬೋಧಿಸಿತು. ಭಾರತೀಯ ಭಾಷೆಯೊಂದರಲ್ಲಿ ಉನ್ನತ ಶಿಕ್ಷಣ ಸಾಧ್ಯವೆಂದು ತೋರಿಸಿಕೊಟ್ಟ ಶ್ರೇಯಸ್ಸು ಅದಕ್ಕೆ ಸಲ್ಲಬೇಕು. ಆದರೆ ಸಂಸ್ಥಾನದ ಬಹುಪಾಲು ಪ್ರಜೆಗಳ ಮನೆಮಾತು ತೆಲುಗು, ಮರಾಠಿ, ಕನ್ನಡಗಳಾಗಿದ್ದವು. ನಾರಾಯಣಪೇಟೆಯ ನೇಕಾರನ ಮಗ ಮಗ್ಗದ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು, ಕಚೇರಿಯಲ್ಲಿ ಉರ್ದು ನುಡಿಯಬೇಕಾಗಿತ್ತು. ಹೀಗೆ ಮೂರು ಭಾಷೆಗಳ ನಡುವೆ ಬದುಕುವುದು ಈ ಸೀಮೆಯವರಿಗೆ ನೂರು ವರ್ಷಗಳ ಅಭ್ಯಾಸ. ಅದನ್ನು ಕೇವಲ ಕಷ್ಟವೆಂದು ಎಣಿಸಬೇಕಾಗಿಲ್ಲ ಎಂಬುದನ್ನು ಮುಂದೆ ಹೇಳುತ್ತೇವೆ.

ಅಂದು ಖಾಸಗಿಯಾಗಿ ಶಾಲೆ ತೆರೆಯಲು ಸರ್ಕಾರದ ಅನುಮತಿ ಬೇಕಿತ್ತು. ಅದು ಸುಲಭವಾಗಿ ದೊರೆಯುತ್ತಿರಲಿಲ್ಲ. ಅಂತಹ ಕಾಲದಲ್ಲಿ ಕಲಬುರಗಿಯ ನೂತನ ವಿದ್ಯಾಲಯ, ಪಂಡಿತ ತಾರಾನಾಥರು ರಾಯಚೂರಿನಲ್ಲಿ ಕಟ್ಟಿದ ಹಮ್‌ದರ್ದ್ ಶಾಲೆ ಇವು ಕನ್ನಡ ಮಕ್ಕಳಿಗೆ ಆಸರೆಯಾದವು. ನಮ್ಮ ಶಾಲೆಯ ಮೊದಲ ತಲೆಮಾರಿನ ವಿದ್ಯಾರ್ಥಿಗಳಲ್ಲಿ ಮುಂದೆ ಓದಿದವರು ರಾಯಚೂರಿನ ದಾರಿ ಹಿಡಿದರು. ಸೋಜಿಗವೆಂದರೆ, ನಮ್ಮ ಊರಿನ ಹೆಸರನ್ನೇ ಹೊತ್ತು ಬಹುಕಾಲ ‘ನಾರಾಯಣಪೇಟ್ ರೋಡ್’ ಎಂದು ಕರೆಸಿಕೊಂಡ ರೈಲು ನಿಲ್ದಾಣವು ನಮ್ಮ ಊರಿನಲ್ಲಿಲ್ಲ, ಇಂದಿನ ಯಾದಗಿರಿ ಜಿಲ್ಲೆಯ ಸೈದಾಪುರದಲ್ಲಿದೆ. ಓದಲು ಹೊರಟ ಹುಡುಗ ಮೊದಲು ಅಲ್ಲಿಯವರೆಗೆ ಬಂಡಿಯಲ್ಲಿಯೋ ಕಾಲ್ನಡಿಗೆಯಲ್ಲಿಯೋ ಹೋಗಿ, ಅಲ್ಲಿ ತನ್ನ ಊರಿನ ಹೆಸರಿನ ಫಲಕದ ಕೆಳಗೆ ರೈಲು ಹತ್ತಬೇಕಾಗಿತ್ತು.

1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆಯು ನಮ್ಮ ಸೀಮೆಯ ಭೂಪಟವನ್ನು ಬದಲಿಸಿತು. ನಾರಾಯಣಪೇಟೆ, ಮಕ್ತಲ್‌ಗಳು ಅದಕ್ಕೂ ಮುಂಚೆ ಮಹಬೂಬನಗರ ಜಿಲ್ಲೆಗೆ ಸೇರಿದ್ದವು; ಹಾಗೆಯೇ ಉಳಿದವು. ಆದರೆ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ಅಲ್ಲಿಯವರೆಗೆ ರಾಯಚೂರು ಜಿಲ್ಲೆಯವು. ಕೊಡಂಗಲ್, ತಾಂಡೂರುಗಳು ಗುಲ್ಬರ್ಗಾ ಜಿಲ್ಲೆಯವು. ರಾಯಚೂರು ಮೈಸೂರು ರಾಜ್ಯಕ್ಕೆ ಹೋಯಿತು, ಗದ್ವಾಲ ಆಂಧ್ರಪ್ರದೇಶಕ್ಕೆ ಬಂದಿತು. ಹರಿದಾಸ ಪರಂಪರೆಯನ್ನು ಬಲ್ಲವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಗೋಪಾಲದಾಸರು ನೆಲೆಸಿದ ಉತ್ತನೂರು, ವ್ಯಾಸತತ್ತ್ವಜ್ಞತೀರ್ಥರ ಐಜಿ ಹಾಗೂ ವೇಣೀಸೋಮಪುರ ಇವೆಲ್ಲ ಇಂದು ಜೋಗುಳಾಂಬ ಗದ್ವಾಲ ಜಿಲ್ಲೆಯಲ್ಲಿವೆ. ಆಲಂಪುರದ ನವಬ್ರಹ್ಮ ದೇವಾಲಯಗಳು ಬಾದಾಮಿ ಚಾಲುಕ್ಯರವು; ಅಲ್ಲಿನ ಕನ್ನಡ ಶಾಸನಗಳನ್ನು ನಮ್ಮ ಮಕ್ಕಳು ಪ್ರವಾಸಕ್ಕೆ ಹೋದಾಗ ಬೆರಳಿಟ್ಟು ಅಕ್ಷರ ಗುರುತಿಸಲು ಯತ್ನಿಸುತ್ತಾರೆ. ವಾಡಿಯ ಸಮೀಪದ ನಾಗಾವಿಯಲ್ಲಿ ಹನ್ನೊಂದನೆಯ ಶತಮಾನದ ಘಟಿಕಾಸ್ಥಾನವಿತ್ತು. ಗುರುಗಳಿಗೆ ಮಾತ್ರವಲ್ಲದೆ, ‘ಸರಸ್ವತೀ ಭಂಡಾರಿಗ’ರೆಂದು ಕರೆಯಲ್ಪಡುತ್ತಿದ್ದ ಗ್ರಂಥಪಾಲಕರಿಗೂ ಅಲ್ಲಿ ದತ್ತಿಯ ವ್ಯವಸ್ಥೆಯಿತ್ತು. ಸಾವಿರ ವರ್ಷಗಳ ಹಿಂದೆ ಗ್ರಂಥಪಾಲಕನ ಸಂಬಳದ ಚಿಂತೆ ಮಾಡಿದ ನಾಡಿನಲ್ಲಿ ಇಂದು ಎಷ್ಟು ಶಾಲೆಗಳಲ್ಲಿ ಗ್ರಂಥಪಾಲಕರಿದ್ದಾರೆ ಎಂದು ಕೇಳಿದರೆ ತಾವು ನಮ್ಮನ್ನು ಕ್ಷಮಿಸಬೇಕು.

ಆ 1956ರಲ್ಲಿಯೇ ಸಂವಿಧಾನದ ಏಳನೆಯ ತಿದ್ದುಪಡಿಯ ಮೂಲಕ 350-ಎ ವಿಧಿ ಸೇರ್ಪಡೆಯಾಯಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮೂಲಕ ಬೋಧಿಸಲು ಪ್ರತಿಯೊಂದು ರಾಜ್ಯವೂ ಸಾಕಷ್ಟು ಸೌಲಭ್ಯ ಒದಗಿಸಲು ಯತ್ನಿಸಬೇಕೆಂಬುದು ಅದರ ಆಶಯ. ಗಡಿ ಎಳೆದ ವರ್ಷವೇ ಗಡಿಯಲ್ಲಿ ಉಳಿದವರನ್ನೂ ನೆನೆದರು ಎಂಬುದು ನಮಗೆ ಸಮಾಧಾನದ ಸಂಗತಿ. ಆದರೆ ಆ ವಿಧಿಯಲ್ಲಿರುವುದು ‘ಪ್ರಾಥಮಿಕ’ ಎಂಬ ಪದ. ಅದರ ಮೇಲಿನ ಮೆಟ್ಟಿಲುಗಳ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ನಮ್ಮ ಮಕ್ಕಳು ಇಂದು ತೆಲಂಗಾಣದ ಹತ್ತನೆಯ ತರಗತಿಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಆ ಬಳಿಕ ಊರಿನಲ್ಲಿ ಕನ್ನಡದ ದಾರಿ ಮುಗಿಯುತ್ತದೆ. ಇದೇ ಪುನರ್ವಿಂಗಡಣೆಯಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡಿನಲ್ಲಿ ಸರ್ಕಾರಿ ಕಾಲೇಜಿನಲ್ಲಿಯೇ ಕನ್ನಡ ಎಂ.ಎ. ಓದಬಹುದು. ನಮ್ಮ ಸಂಖ್ಯೆ ಕಡಿಮೆ, ನಮ್ಮ ಧ್ವನಿಯೂ ಕಡಿಮೆ.

ಇನ್ನು ಉನ್ನತ ಶಿಕ್ಷಣದ ವಿಷಯ. 2008ರಲ್ಲಿ ಮಹಬೂಬನಗರದಲ್ಲಿ ಪಾಲಮೂರು ವಿಶ್ವವಿದ್ಯಾಲಯ ಸ್ಥಾಪನೆಯಾಗುವವರೆಗೆ ಈ ಭಾಗದವರಿಗೆ ವಿಶ್ವವಿದ್ಯಾಲಯವೆಂದರೆ ಹೈದರಾಬಾದು. ಗದ್ವಾಲದಲ್ಲಿ ಸಂಸ್ಥಾನದ ಮಹಾರಾಣಿ ಆದಿಲಕ್ಷ್ಮೀ ದೇವಮ್ಮನವರ ಹೆಸರಿನ ಸರ್ಕಾರಿ ಕಾಲೇಜು, ನಾರಾಯಣಪೇಟೆಯಲ್ಲಿ ಸರ್ಕಾರಿ ಪದವಿ ಕಾಲೇಜು ಅನೇಕರಿಗೆ ಪದವಿಯ ಬಾಗಿಲು ತೆರೆದವು. 2016ರ ಅಕ್ಟೋಬರ್ 11ರಂದು ಗದ್ವಾಲವೂ, 2019ರ ಫೆಬ್ರುವರಿ 17ರಂದು ನಾರಾಯಣಪೇಟೆಯೂ ಜಿಲ್ಲಾಕೇಂದ್ರಗಳಾದವು. ಜಿಲ್ಲೆಯಾದರೆ ಏನು ಬರುತ್ತದೆ ಎಂದು ಅಂದು ಕೆಲವರು ವ್ಯಂಗ್ಯವಾಡಿದ್ದುಂಟು. 2024-25ರಲ್ಲಿ ಎರಡೂ ಊರುಗಳಿಗೆ ತಲಾ 50 ಸೀಟುಗಳ ಸರ್ಕಾರಿ ವೈದ್ಯಕೀಯ ಕಾಲೇಜುಗಳು ಬಂದವು. 2023ರ ಅಕ್ಟೋಬರ್‌ನಲ್ಲಿ ಜಕ್ಲೇರ್‌ನಿಂದ ಕೃಷ್ಣಾದವರೆಗಿನ 37 ಕಿಲೋಮೀಟರ್ ಹೊಸ ರೈಲು ಮಾರ್ಗ ಉದ್ಘಾಟನೆಯಾಗಿ ಕಾಚಿಗೂಡ-ರಾಯಚೂರು ರೈಲು ಓಡತೊಡಗಿತು. ಆ ಕಡೆ ರಾಯಚೂರಿನಲ್ಲಿಯೂ ಕೃಷಿ ವಿಶ್ವವಿದ್ಯಾಲಯ, ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಐಐಐಟಿ, ರಾಯಚೂರಿನದೇ ಆದ ವಿಶ್ವವಿದ್ಯಾಲಯ ಇವೆಲ್ಲ ಒಂದರ ಬಳಿಕ ಒಂದು ಬಂದಿವೆ. ಮೂವತ್ತು ವರ್ಷಗಳ ಹಿಂದೆ “ಮುಂದೆ ಎಲ್ಲಿ?” ಎಂಬುದಕ್ಕೆ ಉತ್ತರಗಳು ಕಡಿಮೆಯಿದ್ದವು. ಇಂದು ಉತ್ತರಗಳು ಹೆಚ್ಚಾಗಿ, ಅವುಗಳ ನಡುವೆ ಆರಿಸುವುದೇ ಕಠಿಣವಾಗಿದೆ.

ಪೋಷಕರು ದಯಮಾಡಿ ಇಲ್ಲಿಂದ ಮುಂದಿನದನ್ನು ಗಮನವಿಟ್ಟು ಕೇಳಬೇಕು.

ನಮ್ಮ ಮಕ್ಕಳಲ್ಲಿ ಹಲವರು ಹತ್ತನೆಯ ತರಗತಿ ಮುಗಿದೊಡನೆ ಪಿ.ಯು.ಸಿ.ಗಾಗಿ ರಾಯಚೂರಿಗೋ ಯಾದಗಿರಿಗೋ ಹೋಗುತ್ತಾರೆ. ಭಾಷೆಯ ಸಲಿಗೆ, ಬಂಧುಗಳ ಮನೆ, ಬಸ್ಸಿನ ಅನುಕೂಲ ಎಲ್ಲವೂ ಆ ದಿಕ್ಕಿಗೆ ಎಳೆಯುತ್ತವೆ. ಕಲೆ, ವಾಣಿಜ್ಯ ಓದುವವರಿಗೆ, ಕನ್ನಡ ಶಿಕ್ಷಕರಾಗಬೇಕೆನ್ನುವವರಿಗೆ ಇದು ಒಳ್ಳೆಯ ದಾರಿ. ಆದರೆ ವೈದ್ಯಕೀಯ ಓದಬೇಕೆನ್ನುವ ಮಗುವಿಗೆ ಈ ಎರಡು ವರ್ಷಗಳ ಪ್ರಯಾಣ ಎರಡೂ ಕಡೆಯ ಬಾಗಿಲುಗಳನ್ನು ಮುಚ್ಚಿಬಿಡಬಹುದು. ತೆಲಂಗಾಣದ ನಿಯಮದಂತೆ ಸ್ಥಳೀಯ ಅಭ್ಯರ್ಥಿ ಎನಿಸಿಕೊಳ್ಳಲು ಅರ್ಹತಾ ಪರೀಕ್ಷೆಯವರೆಗಿನ ಸತತ ನಾಲ್ಕು ವರ್ಷಗಳನ್ನು, ಅಂದರೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ, ಈ ರಾಜ್ಯದಲ್ಲಿಯೇ ಓದಿರಬೇಕು. 2024ರಲ್ಲಿ ಬಿಗಿಗೊಳಿಸಿದ ಈ ನಿಯಮವನ್ನು 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟು ಎತ್ತಿಹಿಡಿದಿದೆ. ಕರ್ನಾಟಕದ ಸಾಮಾನ್ಯ ನಿಯಮವೋ, ಒಂದರಿಂದ ಹನ್ನೆರಡನೆಯ ತರಗತಿಯೊಳಗೆ ಕನಿಷ್ಠ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು ಎನ್ನುತ್ತದೆ. ಹತ್ತು ವರ್ಷ ಇಲ್ಲಿ, ಎರಡು ವರ್ಷ ಅಲ್ಲಿ ಓದಿದ ಮಗು ಇಲ್ಲಿಯದೂ ಅಲ್ಲ, ಅಲ್ಲಿಯದೂ ಅಲ್ಲ. ಇಬ್ಬರು ಚಿಕ್ಕಪ್ಪಂದಿರ ಮನೆಯ ನಡುವಿನ ಓಣಿಯಲ್ಲಿ ನಿಂತ ಅನಾಥನಂತೆ ಅದರ ಸ್ಥಿತಿ. ನಮ್ಮ ಊರಿನಲ್ಲಿಯೇ ವೈದ್ಯಕೀಯ ಕಾಲೇಜು ಇರುವಾಗ, ಅದರ ಬಾಗಿಲಿಗೆ ಕೂಗಳತೆಯಲ್ಲಿ ಬೆಳೆದ ಮಗುವಿಗೆ ಅಲ್ಲಿ ಸ್ಥಳೀಯನೆಂಬ ಹಕ್ಕು ಇಲ್ಲವಾಗುವುದು ಎಂತಹ ದುರ್ದೈವ!

ಗಡಿನಾಡು ಮತ್ತು ಹೊರನಾಡು ಕನ್ನಡಿಗರಿಗಾಗಿ ಕರ್ನಾಟಕದ ಪ್ರವೇಶ ನಿಯಮಗಳಲ್ಲಿ ಬೇರೆ ಉಪನಿಯಮಗಳಿವೆ ಎಂಬುದು ನಿಜ. ಅವುಗಳನ್ನು ಆಯಾ ವರ್ಷದ ಮಾಹಿತಿ ಪುಸ್ತಿಕೆಯಲ್ಲಿ ಓದಬೇಕು. ನೆರೆಯವರ ಬಾಯಿಮಾತನ್ನು ನಂಬಬಾರದು. ಅಲ್ಲಿ ಮಾತೃಭಾಷೆಯ ಪುರಾವೆ ಕೇಳುತ್ತಾರೆ. ಆದುದರಿಂದ ಒಂದನೆಯ ತರಗತಿಗೆ ಸೇರಿಸುವಾಗ ಅರ್ಜಿಯಲ್ಲಿರುವ ‘ಮಾತೃಭಾಷೆ’ ಎಂಬ ಅಂಕಣವನ್ನು ಯೋಚಿಸಿ ತುಂಬಿರಿ. ಮನೆಯಲ್ಲಿ ಕನ್ನಡವಾಡುತ್ತ, “ತೆಲುಗು ಅಂತ ಬರೀರಿ, ಏನಾಗ್ತದೆ” ಎನ್ನುವ ತಂದೆಯರನ್ನು ನಾವು ಪ್ರತಿ ಜೂನ್‌ನಲ್ಲಿಯೂ ಕಾಣುತ್ತೇವೆ. ಏನಾಗುತ್ತದೆ ಎಂಬುದು ಹನ್ನೆರಡು ವರ್ಷಗಳ ಬಳಿಕ ತಿಳಿಯುತ್ತದೆ. ಕರ್ನಾಟಕದ 371-ಜೆ ವಿಧಿಯ ಮೀಸಲಾತಿ ನಮಗೂ ಅನ್ವಯಿಸುತ್ತದೆಂಬ ತಪ್ಪು ಕಲ್ಪನೆಯೂ ಊರಿನಲ್ಲಿದೆ. ಅದು ಗಡಿಯ ಆಚೆಯ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಸ್ಥಳೀಯರಿಗೆ ಮಾತ್ರ. ನಮ್ಮ ಅಜ್ಜ ಅದೇ ನಿಜಾಮರ ಪ್ರಜೆಯಾಗಿದ್ದನೆಂಬುದು ಸಾಲದು.

ಹಾಗಾದರೆ ನಮ್ಮ ಸಲಹೆ ಏನು? ವೈದ್ಯಕೀಯದ ಆಸೆಯುಳ್ಳ ಮಕ್ಕಳು ಇಂಟರ್‌ಮೀಡಿಯೆಟ್ ಅನ್ನು ತೆಲಂಗಾಣದಲ್ಲಿಯೇ ಓದಲಿ. ಎಂಜಿನಿಯರಿಂಗ್ ಬಯಸುವವರೂ ರಾಜ್ಯ ಬದಲಿಸುವ ಮುನ್ನ ಸ್ಥಳೀಯತೆಯ ನಿಯಮವನ್ನು ನೋಡಿಕೊಳ್ಳಲಿ. ನೀಟ್ ಪರೀಕ್ಷೆಯನ್ನು ಕನ್ನಡದಲ್ಲಿಯೂ ಬರೆಯಬಹುದು, ಆದರೆ ಕನ್ನಡದ ಪ್ರಶ್ನೆಪತ್ರಿಕೆ ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ ದೊರೆಯುತ್ತದೆ. ಕನ್ನಡ ಬೇಕೆನ್ನುವವರು ಅರ್ಜಿಯಲ್ಲಿ ರಾಯಚೂರನ್ನು ಪರೀಕ್ಷಾ ಕೇಂದ್ರವಾಗಿ ಕೇಳಿಕೊಳ್ಳಬೇಕು. ಹತ್ತರ ಬಳಿಕ ಪಾಲಿಸೆಟ್ ಬರೆದು ಡಿಪ್ಲೊಮಾ ಸೇರುವುದು, ಬಾಸರದ ತ್ರಿಪಲ್ ಐಟಿಗೆ ಅರ್ಜಿ ಹಾಕುವುದು ಇವು ನಮ್ಮ ಮಕ್ಕಳು ಅಷ್ಟಾಗಿ ಬಳಸದ ದಾರಿಗಳು. ಎಂಟನೆಯ ತರಗತಿಯಲ್ಲಿ ಬರೆಯುವ ರಾಷ್ಟ್ರೀಯ ಪ್ರತಿಭಾ ವಿದ್ಯಾರ್ಥಿವೇತನದ ಪರೀಕ್ಷೆಯಲ್ಲಿ ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ ದೊರೆಯುತ್ತದೆ. ನೇಕಾರರ ಮನೆಯಲ್ಲಿ, ಕೂಲಿಯವರ ಮನೆಯಲ್ಲಿ ಆ ಹಣ ಒಂದು ಮಗುವಿನ ಓದು ನಿಲ್ಲದಂತೆ ಕಾಯಬಲ್ಲದು.

ಆದರೆ ಇಂಟರ್‌ಮೀಡಿಯೆಟ್ ಎಂದೊಡನೆ ಪೋಷಕರ ಮುಖ ಬಾಡುತ್ತದೆ. ಹತ್ತು ವರ್ಷ ಕನ್ನಡದಲ್ಲಿ ಓದಿದ ಮಗು ಇಂಗ್ಲಿಷ್ ಮಾಧ್ಯಮದ, ತೆಲುಗು ವಾತಾವರಣದ ತರಗತಿಯಲ್ಲಿ ಕುಳಿತು ಅಳುತ್ತದೆ ಎಂಬ ಭಯ. ಭಯಕ್ಕೆ ಆಧಾರವಿದೆ. ಮೊದಲ ಮೂರು ತಿಂಗಳು ಕಷ್ಟ. ‘ದ್ಯುತಿಸಂಶ್ಲೇಷಣೆ’ಯನ್ನು ಚೆನ್ನಾಗಿ ಬಲ್ಲ ಹುಡುಗಿ ಅಧ್ಯಾಪಕರು ‘ಫೋಟೋಸಿಂಥೆಸಿಸ್’ ಎಂದಾಗ ತಲೆ ತಗ್ಗಿಸುತ್ತಾಳೆ. ಪಕ್ಕದವಳು ತೆಲುಗಿನಲ್ಲಿ ‘ಕಿರಣಜನ್ಯ ಸಂಯೋಗಕ್ರಿಯೆ’ ಎನ್ನುತ್ತಾಳೆ. ಮೂವರಿಗೂ ತಿಳಿದಿರುವುದು ಒಂದೇ ಎಲೆ, ಒಂದೇ ಬಿಸಿಲು! ಇದನ್ನು ಅರಿತೇ ನಮ್ಮ ಶಿಕ್ಷಕರು ಎಂಟನೆಯ ತರಗತಿಯಿಂದ ವಿಜ್ಞಾನ, ಗಣಿತಗಳಲ್ಲಿ ಪದಗಳ ಪ್ರತ್ಯೇಕ ಪುಸ್ತಕವೊಂದನ್ನು ಬರೆಯಿಸುತ್ತಾರೆ. ಪ್ರತಿ ಪಾರಿಭಾಷಿಕ ಪದಕ್ಕೂ ಎದುರಿಗೆ ಇಂಗ್ಲಿಷಿನ ಪದ. ಓದುವುದು ಕನ್ನಡದಲ್ಲಿ, ಹೆಸರು ತಿಳಿಯುವುದು ಎರಡರಲ್ಲಿ. ಪಠ್ಯಪುಸ್ತಕ ತಡವಾಗಿ ಕೈಸೇರಿದ ವರ್ಷಗಳಲ್ಲಿಯೂ ಆ ಪದಪುಸ್ತಕ ನಿಂತಿಲ್ಲ. ಅದನ್ನು ಜೋಪಾನವಾಗಿಟ್ಟು ಕಾಲೇಜಿಗೆ ಒಯ್ದವರು ಮೂರು ತಿಂಗಳ ಕಷ್ಟವನ್ನು ಒಂದು ತಿಂಗಳಿಗೆ ಇಳಿಸಿಕೊಂಡುದನ್ನು ನಾವು ಕಂಡಿದ್ದೇವೆ.

2022-23ರಿಂದ ತೆಲಂಗಾಣದ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ಆರಂಭವಾದಾಗಿನಿಂದ “ನಮಗೂ ಇಂಗ್ಲಿಷ್ ಮಾಧ್ಯಮವೇ ಸಾಕು” ಎಂಬ ಕೂಗು ನಮ್ಮ ಓಣಿಗಳಲ್ಲಿಯೂ ಕೇಳುತ್ತಿದೆ. ಐದನೆಯ ತರಗತಿಗೆ ಮಗುವನ್ನು ಬಿಡಿಸಿಕೊಂಡು ಹೋಗುವವರ ಮೇಲೆ ನಮಗೆ ಸಿಟ್ಟಿಲ್ಲ. ತಮ್ಮ ಮಗುವಿನ ಹಿತವನ್ನೇ ಅವರು ಬಯಸುತ್ತಾರೆ. ಆದರೆ ಅರ್ಥವಾಗದ ಭಾಷೆಯಲ್ಲಿ ಬಾಯಿಪಾಠ ಮಾಡಿದ ಮಗುವಿಗೆ ಇಂಗ್ಲಿಷೂ ಬರುವುದಿಲ್ಲ, ವಿಷಯವೂ ಬರುವುದಿಲ್ಲ. ಅಂತಹ ಮಕ್ಕಳು ಎಂಟನೆಯ ತರಗತಿಗೆ ನಮ್ಮಲ್ಲಿಗೆ ಮರಳಿ ಬಂದಾಗ ಯಾವ ಭಾಷೆಯಲ್ಲಿಯೂ ಒಂದು ಪುಟ ಬರೆಯಲಾರದೆ ಇರುವುದು ನೋವಿನ ಸಂಗತಿ. ಇಂಗ್ಲಿಷನ್ನು ಒಂದು ಭಾಷೆಯಾಗಿ, ಒಂದನೆಯ ತರಗತಿಯಿಂದ, ಚೆನ್ನಾಗಿ ಕಲಿಸುವುದು ಬೇರೆ ಮಾತು. ಅದಕ್ಕೆ ನಾವು ಎಂದಿಗೂ ಹಿಂಜರಿದಿಲ್ಲ.

ತೆಲುಗಿನ ಬಗ್ಗೆಯೂ ಒಂದು ಮಾತು. 2018ರ ಕಾಯಿದೆಯು ಈ ರಾಜ್ಯದ ಶಾಲೆಗಳಲ್ಲಿ ತೆಲುಗು ಕಲಿಕೆಯನ್ನು ಕಡ್ಡಾಯಗೊಳಿಸಿದಾಗ ಕನ್ನಡಕ್ಕೆ ಕುತ್ತು ಬಂದಿತೆಂದು ಕಳವಳಪಟ್ಟವರುಂಟು. ನಮ್ಮ ಅನುಭವ ಹಾಗಿಲ್ಲ. ಎರಡರ ಲಿಪಿಗಳೂ ಒಡಹುಟ್ಟಿದವು. ಕನ್ನಡ ಓದಬಲ್ಲ ಮಗು ತಲೆಕಟ್ಟಿನ ಭೇದ ತಿಳಿದೊಡನೆ ಕೆಲವೇ ತಿಂಗಳಲ್ಲಿ ತೆಲುಗು ಓದುತ್ತದೆ. ಇಲ್ಲಿ ಬದುಕುವ, ಇಲ್ಲಿಯ ಕಚೇರಿಗಳಲ್ಲಿ ಉದ್ಯೋಗ ಬೇಡುವ ಮಕ್ಕಳಿಗೆ ತೆಲುಗು ಬೇಕೇ ಬೇಕು. ಕನ್ನಡದ ಮೇಲಿನ ಪ್ರೀತಿಯನ್ನು ತೆಲುಗಿನ ಮೇಲಿನ ಮುನಿಸಿನಿಂದ ಅಳೆಯುವವರ ಗುಂಪಿನಲ್ಲಿ ನಾವಿಲ್ಲ.

ಇನ್ನೊಂದು ವಿಷಯ ಹೇಳದೆ ವೇದಿಕೆಯಿಂದ ಇಳಿಯಲಾರೆವು. 2011ರ ಜನಗಣತಿಯಲ್ಲಿ ಅಂದಿನ ಮಹಬೂಬನಗರ ಜಿಲ್ಲೆಯ ಸಾಕ್ಷರತೆ ಶೇಕಡಾ 55ರಷ್ಟಿತ್ತು. ಹೆಣ್ಣುಮಕ್ಕಳದು ಶೇಕಡಾ 45ನ್ನೂ ಮುಟ್ಟಿರಲಿಲ್ಲ. ಕಾರಣಗಳು ನಮ್ಮ ಹಾಜರಿ ಪುಸ್ತಕದಲ್ಲಿಯೇ ಕಾಣುತ್ತವೆ. ಪಾಲಮೂರಿನ ಕೂಲಿಗಳು ಮುಂಬಯಿ, ಪುಣೆ, ಬೆಂಗಳೂರುಗಳಿಗೆ ಗುಳೆ ಹೋಗುವುದು ಹಳೆಯ ಕಥೆ. ಗದ್ವಾಲದ ಕಡೆ ಹೈಬ್ರಿಡ್ ಹತ್ತಿಬೀಜದ ಬೇಸಾಯ. ಹೂವಿನ ಕೇಸರ ಕಿತ್ತು, ಬೇರೆ ಗಿಡದ ಪರಾಗವನ್ನು ಕೈಯಿಂದ ಮುಟ್ಟಿಸುವ ಆ ಕೆಲಸಕ್ಕೆ ಎಳೆಯ ಬೆರಳುಗಳೇ ಲೇಸೆಂದು ಹೊಲದವರು ಹೇಳುತ್ತಾರೆ. ಶ್ರಾವಣ ಭಾದ್ರಪದಗಳಲ್ಲಿ ತರಗತಿಯ ಹಿಂದಿನ ಸಾಲುಗಳು ಖಾಲಿಯಾಗುತ್ತವೆ. ಖಾಲಿಯಾಗುವವು ಹೆಚ್ಚಾಗಿ ಹುಡುಗಿಯರ ಸಾಲುಗಳು. ಹತ್ತರ ಬಳಿಕವೂ ಅಷ್ಟೇ. ಗಂಡುಮಗ ರಾಯಚೂರಿನ ಹಾಸ್ಟೆಲಿಗೆ, ಹೆಣ್ಣುಮಗಳು ಮನೆಗೆ. “ಅಷ್ಟು ದೂರ ಹೇಗೆ ಕಳುಹಿಸುವುದು?” ಎಂಬ ಮಾತಿಗೆ ಹಿಂದೆ ನಾವು ಬಲವಾದ ಉತ್ತರ ಕೊಡಲಾಗುತ್ತಿರಲಿಲ್ಲ. ಇಂದು ಇಂಟರ್‌ಮೀಡಿಯೆಟ್ ಇದೇ ಊರಿನಲ್ಲಿದೆ, ಪದವಿ ಇದೇ ಊರಿನಲ್ಲಿದೆ, ವೈದ್ಯಕೀಯ ಕಾಲೇಜೂ ಇದೇ ಊರಿನಲ್ಲಿದೆ. ದೂರವೆಂಬ ನೆಪ ಕಡಿದುಬಿದ್ದಿದೆ. ಹೆಣ್ಣುಮಕ್ಕಳ ಪೋಷಕರು ಇನ್ನು ಬೇರೆ ನೆಪ ಹುಡುಕಬಾರದೆಂದು ಕೈಮುಗಿದು ಕೇಳುತ್ತೇವೆ.

ಹಳೆಯ ವಿದ್ಯಾರ್ಥಿಗಳಲ್ಲಿ ನಮ್ಮ ಬೇಡಿಕೆ ಕಟ್ಟಡವಲ್ಲ, ಕಮಾನಲ್ಲ. ತಮ್ಮ ಹೆಸರಿನ ಫಲಕಗಳಿಗೆ ಗೋಡೆಯಲ್ಲಿ ಸ್ಥಳವೂ ಉಳಿದಿಲ್ಲ. ಈ ಶಾಲೆಯಿಂದ ಕನ್ನಡದಲ್ಲಿ ಓದಿ ಹೊರಟು, ಇಂಗ್ಲಿಷಿನ ಕಾಲೇಜನ್ನು ದಾಟಿ, ಇಂದು ವೈದ್ಯರೂ ಎಂಜಿನಿಯರರೂ ಅಧ್ಯಾಪಕರೂ ಬ್ಯಾಂಕಿನ ಅಧಿಕಾರಿಗಳೂ ಆಗಿರುವವರು ತಾವು. ಆ ಮೊದಲ ಮೂರು ತಿಂಗಳನ್ನು ಹೇಗೆ ದಾಟಿದಿರೆಂಬುದನ್ನು ಹತ್ತನೆಯ ತರಗತಿಯ ಮಕ್ಕಳಿಗೆ ತಾವೇ ಬಂದು ಹೇಳಬೇಕು. ಬರುವ ಬೇಸಿಗೆಯಲ್ಲಿ, ಪರೀಕ್ಷೆ ಮುಗಿದ ಮರುವಾರದಿಂದ ಶಾಲೆಯ ಗ್ರಂಥಾಲಯದ ಕೊಠಡಿಯನ್ನು ಇದಕ್ಕಾಗಿ ತೆರೆದಿಡುತ್ತೇವೆ. ಎರಡೂ ರಾಜ್ಯಗಳ ಪ್ರವೇಶ ಪುಸ್ತಿಕೆಗಳು, ವಿದ್ಯಾರ್ಥಿವೇತನದ ಅರ್ಜಿಗಳು, ವ್ಯಾಸಂಗ ಪ್ರಮಾಣಪತ್ರದ ನಮೂನೆಗಳು ಅಲ್ಲಿರುತ್ತವೆ. ಇಂಟರ್‌ಮೀಡಿಯೆಟ್ ಸೇರುವ ಮಕ್ಕಳಿಗಾಗಿ ನಮ್ಮ ವಿಜ್ಞಾನ ಶಿಕ್ಷಕರು ಒಂದು ತಿಂಗಳ ಪೂರ್ವಸಿದ್ಧತಾ ತರಗತಿ ನಡೆಸಲು ಒಪ್ಪಿದ್ದಾರೆ. ಭೌತಶಾಸ್ತ್ರಕ್ಕೂ ಗಣಿತಕ್ಕೂ ಬಂದು ಪಾಠ ಹೇಳಬಲ್ಲ ಹಳೆಯ ವಿದ್ಯಾರ್ಥಿಗಳು ಬೇಕಾಗಿದ್ದಾರೆ. ವಾರಕ್ಕೆ ಒಂದು ದಿನವಾದರೂ ಸಾಕು. ರಾಯಚೂರಿನಲ್ಲಿರುವವರು ಈಗ ರೈಲಿನಲ್ಲಿಯೇ ಕೃಷ್ಣಾ ದಾಟಿ ಮಕ್ತಲ್‌ವರೆಗೆ ಬರಬಹುದು, ಅಲ್ಲಿಂದ ಕರೆತರುವ ಹೊಣೆ ನಮ್ಮದು. ಊಟಕ್ಕೆ ಹೊರಡುವ ಮುನ್ನ ತಮ್ಮ ಹೆಸರು, ವಿಷಯ ಮತ್ತು ಅನುಕೂಲವಾದ ದಿನವನ್ನು ಸಭಾಮಂಟಪದ ಹಿಂಭಾಗದ ಮೇಜಿನ ಮೇಲಿರುವ ಪುಸ್ತಕದಲ್ಲಿ ಬರೆದಿಡಬೇಕೆಂದು ವಿನಂತಿ. ಒಂಬತ್ತನೆಯ ತರಗತಿಯ ಇಬ್ಬರು ಹುಡುಗಿಯರು ಲೇಖನಿ ಹಿಡಿದು ಅಲ್ಲಿ ಕಾದು ಕುಳಿತಿದ್ದಾರೆ.